ನಾಯಕನ ಬಾಲ್ಯ ಮತ್ತು ನಗೆಯ ಅಧಿಕಾರ

ಕನ್ನಡ ಮಕ್ಕಳ ಸಾಹಿತ್ಯದಲ್ಲಿ ರಾಷ್ಟ್ರನಾಯಕರ ಬಾಲ್ಯವು ಬಹುಮಟ್ಟಿಗೆ ಆದರ್ಶದ ಪೀಠಿಕೆಯಾಗಿಯೇ ನಿರೂಪಿತವಾಗಿದೆ. ಅಲ್ಲಿ ನಾಯಕನು ಹುಟ್ಟುವಾಗಲೇ ನಾಯಕ. ಆಟವಾಡಿದರೂ ಅದರಲ್ಲೊಂದು ನೀತಿ. ಇಂತಹ ಬರಹವನ್ನು ಓದುವ ಮಗುವಿಗೆ ಕೈಮುಗಿಯುವುದಲ್ಲದೆ ಬೇರೆ ದಾರಿಯಿರುವುದಿಲ್ಲ.

ಈ ಹಿನ್ನೆಲೆಯಲ್ಲಿ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ ಮುಖ್ಯವಾಗುತ್ತದೆ. 2010ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಈ ಕೃತಿಯನ್ನು ಆಧರಿಸಿ ಪಿ. ಶೇಷಾದ್ರಿ ಅವರು 2019ರಲ್ಲಿ ‘ಮೋಹನದಾಸ’ ಚಲನಚಿತ್ರವನ್ನು ರೂಪಿಸಿದರು. ಶೀರ್ಷಿಕೆಯ ಪದವಿನೋದವೇ ‘ಬಾಪು’ವನ್ನು ‘ಪಾಪು’ವಿನ ಮಟ್ಟಕ್ಕೆ ಇಳಿಸಿ ಕೂರಿಸುತ್ತದೆ. ಕತ್ತಲೆಗೂ ದೆವ್ವಕ್ಕೂ ಹೆದರುತ್ತಿದ್ದ, ಇನ್‌ಸ್ಪೆಕ್ಟರರ ಮುಂದೆ ‘ಕೆಟಲ್’ ಪದದ ಕಾಗುಣಿತ ತಪ್ಪಿದ, ಕದ್ದು ಮಾಂಸ ತಿಂದ ರಾತ್ರಿ ಹೊಟ್ಟೆಯೊಳಗೆ ಮೇಕೆ ಅರಚಿದಂತೆ ಬೆಚ್ಚಿದ ಮೋಹನದಾಸನನ್ನು ಗಾಂಧೀಜಿಯೇ ತಮ್ಮ ಆತ್ಮಕಥೆಯಲ್ಲಿ ಒದಗಿಸಿದ್ದಾರೆ. ನಗೆಯು ಅಲ್ಲಿಯೇ ಇತ್ತು. ಪಠ್ಯಪುಸ್ತಕದ ಭಕ್ತಿ ಅದನ್ನು ಮುಚ್ಚಿತ್ತು.

ಹಿರಿಯರನ್ನು ನಗೆಯೊಳಗೆ ಎಳೆದುಕೊಳ್ಳುವುದು ಅಗೌರವವೆಂಬ ಆಕ್ಷೇಪವುಂಟು. ಆದರೆ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಸೀಮೆಯ ಮೌಖಿಕ ಪರಂಪರೆ ಇದನ್ನು ಒಪ್ಪುವುದಿಲ್ಲ. ಕಂಸಾಳೆಯವರು ಹಾಡುವ ಕಾವ್ಯದಲ್ಲಿ ಬಾಲಕ ಮಾದೇಶ್ವರನು ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದಲ್ಲಿ ರಾಗಿ ಬೀಸಲು ಕೂರುತ್ತಾನೆ. ನೀಲಗಾರರ ಕಾವ್ಯದಲ್ಲಿ ಮಂಟೇಸ್ವಾಮಿಯು ಸತ್ತ ಕರುವನ್ನು ಹೊತ್ತು ಕಲ್ಯಾಣಕ್ಕೆ ಬಂದಾಗ ಮೂಗು ಮುಚ್ಚಿ ಓಡುವ ಶರಣರು ನಗೆಗೀಡಾಗುತ್ತಾರೆ. ಬೀಸುವ ಕಲ್ಲಿನ ಮುಂದೆ ಕೂತ ಮಾತ್ರಕ್ಕೆ ದೈವವು ಕಿರಿದಾಗಲಿಲ್ಲ, ಒಕ್ಕಲಿನವರಿಗೆ ಹತ್ತಿರವಾಯಿತು.

ಆದರೂ ಗಮನಿಸಬೇಕಾದ ತೊಡಕೊಂದಿದೆ. ಮೋಹನದಾಸನು ದಿವಾನ ಕರಮಚಂದ ಗಾಂಧಿಯವರ ಮಗ. ದಿವಾನನ ಮಗನ ಕಳ್ಳತನವು ತುಂಟತನವಾಗಿ, ಮುಂದೆ ಪಶ್ಚಾತ್ತಾಪದ ಕಥೆಯಾಗಿ ಬೆಳೆಯುತ್ತದೆ. ಅದೇ ಮನೆಯ ಪಾಯಿಖಾನೆ ಶುಚಿಗೊಳಿಸಲು ಬರುತ್ತಿದ್ದ ಊಕಾನ ಮಗ ಕದ್ದಿದ್ದರೆ ಅದು ಸಾಹಸಕಥೆಯಾಗುತ್ತಿತ್ತೆ? ಊಕಾನನ್ನು ಮುಟ್ಟಿದರೆ ಮೈಲಿಗೆ, ದಾರಿಯಲ್ಲಿ ಹೋಗುವ ಮುಸಲ್ಮಾನನನ್ನು ಮುಟ್ಟಿದರೆ ಆ ಮೈಲಿಗೆ ರದ್ದು ಎಂಬ ಮನೆಯ ಉಪಾಯವನ್ನು ಗಾಂಧೀಜಿ 1921ರ ಅಹಮದಾಬಾದ್ ಭಾಷಣದಲ್ಲಿ ಸ್ಮರಿಸಿದ್ದಾರೆ. ಮಕ್ಕಳು ಬಿದ್ದುಬಿದ್ದು ನಗಬಲ್ಲ ಪ್ರಸಂಗವಿದು. ಆ ನಗೆ ಅಸ್ಪೃಶ್ಯತೆಯ ತರ್ಕವನ್ನೇ ಬಯಲುಮಾಡುತ್ತದೆ. ಆದರೆ ಈ ಪ್ರಸಂಗದಲ್ಲಿ ಊಕಾನಿಗೆ ಮಾತಿಲ್ಲ.

ಈ ಮೌನದ ಅರ್ಥ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ತೀವ್ರವಾಗುತ್ತದೆ. ತಗಡೂರು ರಾಮಚಂದ್ರರಾಯರಂಥವರು ಖಾದಿಯನ್ನು ಬೆಳೆಸಿದ ಈ ಸೀಮೆಯಲ್ಲಿ, ಬದನವಾಳಿನ ನೂಲುವ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿ ಬಂದಿದ್ದರು. ಅದೇ ಊರಿನಲ್ಲಿ 1993ರಲ್ಲಿ, ದೇವಾಲಯ ಪ್ರವೇಶದ ವಿವಾದದ ಹಿನ್ನೆಲೆಯಲ್ಲಿ ಮೂವರು ದಲಿತರ ಕೊಲೆಯಾಯಿತು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ಹೂಡಿದ್ದೂ ಇಲ್ಲಿಯೇ. ಇಂತಹ ಊರಿನ ಮಗುವಿಗೆ ತಪ್ಪೇ ಮಾಡದ ಗಾಂಧಿಯನ್ನು ಕೊಟ್ಟರೆ, ಅವರು ಬಂದುಹೋದ ಮೇಲೂ ಊರು ಏಕೆ ಹೀಗಾಯಿತೆಂಬ ಪ್ರಶ್ನೆ ಗಂಟಲಲ್ಲೇ ಉಳಿಯುತ್ತದೆ. ಹೆದರಿದ, ಎಡವಿದ, ತಿದ್ದಿಕೊಂಡ ಪಾಪು ಗಾಂಧಿಯೊಡನೆ ಮಾತ್ರ ಆ ಮಗು ಜಗಳವಾಡಬಲ್ಲದು.

ಆದುದರಿಂದ ನಾಯಕರ ಬಾಲ್ಯವನ್ನು ಹಾಸ್ಯದಲ್ಲಿ ಹೇಳುವುದು ಸ್ವಾಗತಾರ್ಹವಾದರೂ ಅಷ್ಟೇ ಸಾಲದು. ತುಂಟತನ ಮಾಡಿಯೂ ಓದುಗರ ಪ್ರೀತಿ ಗಳಿಸುವ ಅವಕಾಶ ಊಕಾನ ಮಕ್ಕಳಿಗೂ ಕಥೆಯಲ್ಲಿ ದೊರೆಯಬೇಕು. ಬದನವಾಳಿನ ರಾಟೆಯ ಬಳಿ ಕೂತ ಅಜ್ಜಿಯ ಮೊಮ್ಮಗಳು ನಾಯಕಿಯಾಗಿ, ಗಾಂಧಿ ತಾತನನ್ನು ಪ್ರಶ್ನಿಸಿ ಪೇಚಿಗೆ ಸಿಲುಕಿಸುವ ಕಾದಂಬರಿಯೊಂದು ಬರಬೇಕಾಗಿದೆ. ಕಂಸಾಳೆಯ ಸೀಮೆಗೆ ಅಂತಹ ಕಥನವು ಹೊಸತೇನೂ ಆಗಲಾರದು.