ಲ್ಯಾಬಿನ ಬೀಗ ಯಾವಾಗ ತೆಗೆಸುತ್ತೀರಿ?

ನಮ್ಮ ಕಾಲೇಜು ಅಭಿವೃದ್ಧಿ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಪ್ರಾಂಶುಪಾಲರ ಮೂಲಕ ಕೊಟ್ಟ ಮನವಿಗಳಿಗೆ ತಮ್ಮಿಂದ ಉತ್ತರ ಬರಲಿಲ್ಲ. ಖುದ್ದಾಗಿ ಕಂಡಾಗ ‘ನೋಡೋಣ’ ಎಂದಿರಿ. ಆದ್ದರಿಂದ ಸರಗೂರಿನ ಜನರ ಎದುರಿಗೇ ಬರೆಯುತ್ತಿದ್ದೇನೆ. ಲ್ಯಾಬಿನ ಕತೆ ಊರಿಗೆಲ್ಲ ಗೊತ್ತು: ಕಂಪ್ಯೂಟರ್ ಬಂದವು, ಟೇಪು ಕತ್ತರಿಸಿದ್ದಾಯಿತು, ಇಂಟರ್ನೆಟ್ ಬರಲಿಲ್ಲ, ಬೀಗ ಬಿತ್ತು. ವಾರ್ಷಿಕೋತ್ಸವದಲ್ಲಿ ತಾವು ಮೈಕ್ ಹಿಡಿದು, ದಸರಾ ರಜೆ ಮುಗಿಯುವುದರೊಳಗೆ ಸಂಪರ್ಕ ಕೊಡಿಸುತ್ತೇನೆ ಎಂದದ್ದೂ ಗೊತ್ತು.

ನಾನು ಬಿಸಿಎ ಮಕ್ಕಳಿಗೆ ಗ್ರಾಫ್ ಆಲ್ಗಾರಿದಮ್ ಪಾಠ ಮಾಡುವವನು. ಸರಗೂರಿನಿಂದ ಮೈಸೂರಿಗೆ ಹ್ಯಾಂಡ್‌ಪೋಸ್ಟ್ ಮೇಲೆ ಹೋದರೆ ಹತ್ತಿರವೋ, ಹುಲ್ಲಹಳ್ಳಿ, ನಂಜನಗೂಡಿನ ಮೇಲೋ? ಊರಿಗೊಂದು ಚುಕ್ಕಿ, ರಸ್ತೆಗೊಂದು ಗೆರೆ ಹಾಕಿ, ಹೆಜ್ಜೆಹೆಜ್ಜೆಗೂ ಹಳೆಯ ದೂರ ಅಳಿಸಿ ಹೊಸದು ಬರೆಯಬೇಕು. ಬೋರ್ಡಿನಲ್ಲಿ ಅಳಿಸಿದ್ದು ಹೋಯಿತು. ಯಾಕೆ ಬದಲಾಯಿತೆಂದು ಹಿಂದಿನ ಬೆಂಚಿನವರು ಕೇಳುವಷ್ಟರಲ್ಲಿ ಬೆಲ್ಲು. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸ್ಟೀವನ್ ಹಾಲಿಮ್ 2011ರಲ್ಲಿ ಶುರುಮಾಡಿದ ವಿಶುಆಲ್ಗೋ ಎಂಬ ವೆಬ್‌ಸೈಟಿನಲ್ಲಿ ಇದೇ ಹೆಜ್ಜೆಗಳು ಬಣ್ಣದಲ್ಲಿ ಕಾಣುತ್ತವೆ. ಬೇಕಾದಲ್ಲಿ ನಿಲ್ಲಿಸಬಹುದು, ಹಿಂದಕ್ಕೂ ಹೋಗಬಹುದು. ಅದಕ್ಕೆ ಕಾಸು ಕೊಡಬೇಕಿಲ್ಲ. ಸಂಪರ್ಕವೊಂದಿದ್ದರೆ ಸಾಕು.

ಡೈಕ್‌ಸ್ಟ್ರಾ ಎಂಬ ಕಂಪ್ಯೂಟರ್ ವಿಜ್ಞಾನಿ 1956ರಲ್ಲಿ ಹತ್ತಿರದ ದಾರಿ ಹುಡುಕುವ ಈ ವಿಧಾನ ಕಂಡುಕೊಂಡದ್ದೇ ಆರ್ಮಾಕ್ ಎಂಬ ಹೊಸ ಕಂಪ್ಯೂಟರಿನ ಶಕ್ತಿಯನ್ನು, ಕಂಪ್ಯೂಟರಿನ ಗಂಧವಿಲ್ಲದ ಜನರಿಗೆ ತೋರಿಸಲಿಕ್ಕೆ. ಅದಕ್ಕಾಗಿ ಅವರು ಆರಿಸಿಕೊಂಡದ್ದು ನೆದರ್ಲೆಂಡ್ಸಿನ 64 ಊರುಗಳ ನಕ್ಷೆ. ಸಾಮಾನ್ಯರಿಗೆ ಕಾಣಿಸಲೆಂದು ಹುಟ್ಟಿದ್ದನ್ನು ನಮ್ಮ ಮಕ್ಕಳು ಗೈಡ್ ಹಿಡಿದು ಬಾಯಿಪಾಠ ಮಾಡುತ್ತಿದ್ದಾರೆ.

ದಸರಾ ಹೋಯಿತು, ಸಂಕ್ರಾಂತಿಯೂ ಹೋಯಿತು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಕಳೆದ ಸಭೆಯಲ್ಲಿ ನೀವು ಆಡಿದ ಮಾತನ್ನು ತಡೆದುಕೊಳ್ಳಲಾಗದು: “ಹಾಡಿ ಮಕ್ಳಿಗೆ ಇದೆಲ್ಲ ಯಾಕ್ರೀ? ಟೈಪಿಂಗ್ ಬಂದ್ರೆ ಸಾಕು.”

ಯಾಕೆಂದು ಹೇಳುತ್ತೇನೆ. ಆದಿವಾಸಿಗಳ ಹಾಡಿಗಳಿಗೆಲ್ಲ ಅತಿ ಕಡಿಮೆ ತಂತಿಯಲ್ಲಿ ಕರೆಂಟು ಎಳೆಯುವುದು ಹೇಗೆ ಎಂದು ತರಗತಿಯಲ್ಲಿ ಕೇಳಿದವಳು ಹಾಡಿಯ ಹುಡುಗಿಯೇ. 1926ರಲ್ಲಿ ಒಟಾಕರ್ ಬೊರೂವ್ಕಾ ಎಂಬ ಗಣಿತಜ್ಞ ಮೊರಾವಿಯಾದ ವಿದ್ಯುತ್ ಜಾಲಕ್ಕಾಗಿ ಬಿಡಿಸಿದ್ದು ಇದೇ ಲೆಕ್ಕ. ಅವಳಿಗೆ ಟೈಪಿಂಗ್ ಸಾಕು ಎನ್ನಲು ನೀವು ಯಾರು?

ಲೈಬ್ರರಿಗೆ ಹೊಸ ಪುಸ್ತಕ ಕೇಳಿದರೂ, ಸಂಜೆ ಬಸ್ಸಿಗೆ ಪತ್ರ ಬರೆಯಿರಿ ಎಂದರೂ ಇದೇ ಧಾಟಿ. ಮೈಸೂರಿನ ಮಕ್ಕಳಿಗೆ ಬೇಕಾದದ್ದು ಇಲ್ಲಿನವರಿಗೆ ಯಾಕೆ ಎಂಬ ಪ್ರಶ್ನೆ ನಿಮಗೆ ಪ್ರತಿ ಸಲ ಬರುತ್ತದೆ.

ಇನ್ನು ನನಗೆ ಉತ್ತರ ಬೇಡ. ತರಗತಿಗೆ ಬನ್ನಿ. ಆಡಿದ ಮಾತಿಗೆ ಆ ಹುಡುಗಿಯ ಎದುರು ಕ್ಷಮೆ ಕೇಳಿ, ಲ್ಯಾಬಿನ ಬೀಗ ತೆಗೆಸುವ ತಾರೀಖನ್ನು ಬೋರ್ಡಿನ ಮೇಲೆ ನೀವೇ ಬರೆದು ಸಹಿ ಮಾಡಿ.

ಇಂತಿ,
ಸರಗೂರಿನ ಒಬ್ಬ ಉಪನ್ಯಾಸಕ