ಒಂದು ಕೋಣೆಗೆ ಹತ್ತು ತಿಂಗಳ ಅಡ್ವಾನ್ಸ್

ಜಾಹೀರಾತಿನಲ್ಲಿ ಅದು ‘ಸ್ಟುಡಿಯೊ ಅಪಾರ್ಟ್‌ಮೆಂಟ್’. ಹೋಗಿ ನೋಡಿದರೆ ಮೂವತ್ತು–ನಲವತ್ತರ ಸೈಟಿನಲ್ಲಿ ಎದ್ದು ನಿಂತ ಕಟ್ಟಡದ ನಾಲ್ಕನೇ ಅಂತಸ್ತು. ಒಂದು ಕೋಣೆ, ಒಲೆ ಇಡಲು ಮೂಲೆಯಲ್ಲೊಂದು ಗ್ರಾನೈಟ್ ಕಟ್ಟೆ, ಬಾಗಿಲು ತೆರೆದರೆ ಮಂಚಕ್ಕೆ ತಾಗುವ ಬಚ್ಚಲು. ಬೆಂಗಳೂರಿನ ಬ್ರೋಕರ್‌ಗಳ ಬಾಯಲ್ಲಿ ಇದು ‘ಒನ್ ಆರ್‌ಕೆ’. ಹುಬ್ಬಳ್ಳಿಯಿಂದಲೋ ರಾಯಚೂರಿನಿಂದಲೋ ಮೊದಲ ಕೆಲಸಕ್ಕೆ ಬಂದವರು ಮಡಿವಾಳ, ಮಾರತ್ತಹಳ್ಳಿಯ ಅಡ್ಡರಸ್ತೆಗಳಲ್ಲಿ ಹುಡುಕುವುದು ಇದನ್ನೇ.

ತಿಂಗಳ ಬಾಡಿಗೆಯನ್ನು ಹೇಗೋ ಹೊಂದಿಸಬಹುದು. ಹೊಸಬರನ್ನು ಹೊಸ್ತಿಲಲ್ಲೇ ತಡೆಯುವುದು ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆ ಮುಂಗಡವಾಗಿ ಕೇಳುವುದು ಈ ಊರಿನ ಹಳೆಯ ರೂಢಿ. ಈಗ ಕೆಲವರು ಐದಾರು ತಿಂಗಳಿಗೆ ಇಳಿದಿದ್ದಾರೆ, ಅಷ್ಟೆ.

ಲೆಕ್ಕ ಹಾಕೋಣ. ಬಾಡಿಗೆ 12,000 ರೂಪಾಯಿ ಎಂದಿಟ್ಟುಕೊಂಡರೆ ಅಡ್ವಾನ್ಸ್ 1.2 ಲಕ್ಷ. ಮಾಲೀಕರು ಅದನ್ನು ಶೇ 7ರ ಠೇವಣಿಯಲ್ಲಿಟ್ಟರೆ ತಿಂಗಳಿಗೆ 700 ರೂಪಾಯಿ ಹುಟ್ಟುತ್ತದೆ. ಅದೇ ಹಣವನ್ನು ಹುಡುಗ ಶೇ 15ರ ಬಡ್ಡಿಗೆ ಸಾಲ ತಂದಿದ್ದರೆ ತಿಂಗಳಿಗೆ 1,500 ಕಟ್ಟುತ್ತಾನೆ. ಒಬ್ಬರಿಗೆ 700 ಸಿಗಲೆಂದು ಇನ್ನೊಬ್ಬರು ಅದರ ದುಪ್ಪಟ್ಟಿಗಿಂತ ಹೆಚ್ಚು ಕಳೆದುಕೊಳ್ಳುವ ಈ ಏರ್ಪಾಡನ್ನು ಭದ್ರತೆ ಎನ್ನಲು ನನಗೆ ಮನಸ್ಸು ಬಾರದು. ಖಾಲಿ ಮಾಡುವಾಗ ಪೇಂಟಿಂಗ್ ನೆಪದಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಬೇರೆ. ಆರು ತಿಂಗಳಿದ್ದು ಹೋದವನಿಗೂ ಅದೇ ಸುಣ್ಣ, ಅದೇ ದರ!

ಮಾಲೀಕರ ಭಯ ಸುಳ್ಳಲ್ಲ. ಬಾಡಿಗೆ ಕೊಡದೆ, ಮನೆಯೂ ಬಿಡದೆ ಕೂತವರನ್ನು ಎಬ್ಬಿಸಲು ಕೋರ್ಟಿಗೆ ಅಲೆಯಬೇಕು. ನಿವೃತ್ತಿಯ ದುಡ್ಡು ಸುರಿದು ನಾಲ್ಕು ಕೋಣೆ ಕಟ್ಟಿದವರಿಗೆ ಅದು ದೊಡ್ಡ ಹೊಡೆತ. ಆದರೆ ಕಾನೂನಿನ ನಿಧಾನಕ್ಕೆ ಬಾಡಿಗೆದಾರ ಏಕೆ ಬಡ್ಡಿ ತೆರಬೇಕು?

ಕಾನೂನಾದರೂ ಏನು ಹೇಳುತ್ತದೆ? 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನು ಬರೆದಾಗ, ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಅದರ ಹೊರಗಿಟ್ಟರು. ಅಂದು ಆ ಮೊತ್ತಕ್ಕೆ ಒಳ್ಳೆಯ ಮನೆಯೇ ಸಿಗುತ್ತಿತ್ತು. ಇಂದು ಬಡವನ ಒಂಟಿ ಕೋಣೆಯೂ ಆ ಗೆರೆಯ ಆಚೆಗಿದೆ. ಉಳಿಯುವುದು ಹನ್ನೊಂದು ತಿಂಗಳ ಕರಾರು ಪತ್ರ. ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. ಅದನ್ನು ತಪ್ಪಿಸಲು ಹುಟ್ಟಿದ ಲೆಕ್ಕ ಈ ಹನ್ನೊಂದು.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಠೇವಣಿ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದಿದೆ. ತಕರಾರು ತೀರಿಸಲು ಪ್ರತ್ಯೇಕ ಪ್ರಾಧಿಕಾರ, ನ್ಯಾಯಾಲಯವೂ ಅದರಲ್ಲಿವೆ. ಎರಡೂ ಒಟ್ಟಿಗೇ ಬರಬೇಕು. ಬೇಗ ತೀರ್ಪು ಸಿಗುವುದಾದರೆ ಮಾಲೀಕರಿಗೆ ಹತ್ತು ತಿಂಗಳ ಹಣ ಹಿಡಿದಿಟ್ಟುಕೊಳ್ಳುವ ಕಾರಣ ಇರದು. ಆದರೆ ಮಾದರಿ ಕಾಯ್ದೆ ರಾಜ್ಯಗಳನ್ನು ಕಟ್ಟಿಹಾಕುವುದಿಲ್ಲ. ಅದನ್ನು ಜಾರಿಗೆ ತರಬೇಕಾದದ್ದು ವಿಧಾನಸೌಧ.

ಅಲ್ಲಿಯವರೆಗೆ ಕೋಣೆ ಹುಡುಕುತ್ತಿರುವವರು ಇಷ್ಟು ಮಾಡಿ: ಅಡ್ವಾನ್ಸ್ ನಗದಾಗಿ ಕೊಡದೆ ಬ್ಯಾಂಕ್ ಖಾತೆಗೇ ಹಾಕಿ. ಪೇಂಟಿಂಗ್‌ಗೆ ಎಷ್ಟು ಮುರಿಯುತ್ತಾರೆ, ಉಳಿದದ್ದನ್ನು ಎಷ್ಟು ದಿನದಲ್ಲಿ ಮರಳಿಸುತ್ತಾರೆ ಎಂಬುದನ್ನು ಬೀಗದ ಕೈ ಪಡೆಯುವ ಮುನ್ನವೇ ಕರಾರಿನಲ್ಲಿ ಬರೆಸಿಕೊಳ್ಳಿ.