ಛಂದಸ್ಸು ಅನ್ನ ಕೊಟ್ಟ ಕಥೆ

ಮಗ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಹಾಡು ಬರೆಯುತ್ತಾನೆಂದು ಗೊತ್ತಾದರೆ ಅಪ್ಪನಿಗೆ ಗಾಬರಿ. ‘ಹಾಡು ಹೊಟ್ಟೆಗೆ ಹಿಟ್ಟು ಕೊಡುತ್ತದೇನೋ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಚಿ. ಉದಯಶಂಕರ್ ಅವರ ಮನೆಯಲ್ಲಿ ಮಾತ್ರ ಇದಕ್ಕೆ ಅಷ್ಟು ಜಾಗವಿದ್ದಿರಲಾರದು. ತಂದೆ ಚಿ. ಸದಾಶಿವಯ್ಯನವರೂ ಚಿತ್ರಸಾಹಿತಿ.

1934ರಲ್ಲಿ ಹುಟ್ಟಿದ ಉದಯಶಂಕರ್ 1963ರ ‘ಸಂತ ತುಕಾರಾಂ’ ಚಿತ್ರದಿಂದ ಬೆಳಕಿಗೆ ಬಂದರು. ಮುಂದೆ ಮೂರು ದಶಕ ಹಾಡನ್ನೂ ಸಂಭಾಷಣೆಯನ್ನೂ ಬರೆದರು. ಡಾ. ರಾಜಕುಮಾರ್ ತೆರೆಯ ಮೇಲೆ ಆಡಿದ ಎಷ್ಟೋ ಮಾತು ಇವರ ಲೇಖನಿಯದು.

ವಿದ್ಯಾರ್ಥಿಗಳೇ, ಪರೀಕ್ಷೆ ಮುಗಿದ ಮರುದಿನ ನೀವು ಮರೆಯುವ ಲಘು-ಗುರು ಇವರಿಗೆ ದಿನದ ಕೆಲಸವಾಗಿತ್ತು. ಸಿನಿಮಾದಲ್ಲಿ ಸಾಮಾನ್ಯವಾಗಿ ರಾಗ ಮೊದಲು, ಮಾತು ಆಮೇಲೆ. ರಾಗದಲ್ಲಿ ಮೂರು ಮಾತ್ರೆಯ ಜಾಗವಿದ್ದರೆ ‘ಬಾನು’ ಕೂರುತ್ತದೆ, ‘ಗಗನ’ವೂ ಕೂರುತ್ತದೆ. ನಾಲ್ಕಕ್ಕೆ ‘ಆಗಸ’, ಐದಕ್ಕೆ ‘ಆಕಾಶ’. ಆದರೆ ‘ಬಾನು’ ಎಳೆದು ಹಾಡುವ ಮಾತು, ‘ಗಗನ’ ಪಟಪಟನೆ ಓಡುವ ಮಾತು. ಲೆಕ್ಕ ಸರಿಯಾದರೂ ಭಾವ ತಪ್ಪಬಹುದು. ಇಷ್ಟೆಲ್ಲ ಹೊಂದಿಸಿಯೂ ಹಳ್ಳಿಯ ಅಜ್ಜಿಗೆ ಅರ್ಥವಾಗಬೇಕು!

‘ಕಸ್ತೂರಿ ನಿವಾಸ’ (1971) ನೋಡಿ. ತಳ್ಳಿದರೂ ಮತ್ತೆ ನೆಟ್ಟಗಾಗುವ ಆಟದ ಬೊಂಬೆಯ ಮೇಲೆ ಒಂದು ಹಾಡಿದೆ. ಮೊದಲ ಸಲ ಅದು ಮಗುವನ್ನು ನಗಿಸುತ್ತದೆ. ಸಿರಿವಂತ ನಾಯಕ ಎಲ್ಲ ಕಳೆದುಕೊಂಡ ಮೇಲೆ ಅದೇ ಬೊಂಬೆಯ ಹೋಲಿಕೆ ದುಃಖದ ಹಾಡಾಗಿ ಬರುತ್ತದೆ. ಪದಗಳೆಲ್ಲ ಮನೆಮಾತಿನವೇ. ಇದನ್ನು ‘ಬರೀ ಸಿನಿಮಾ ಹಾಡು’ ಎಂದು ತಳ್ಳಿಹಾಕುವ ಪಂಡಿತರ ಜತೆ ನನಗೆ ಜಗಳವಿದೆ.

‘ಜೀವನ ಚೈತ್ರ’ (1992) ಚಿತ್ರದ ಇವರದೇ ಹಾಡಿಗೆ ರಾಜಕುಮಾರ್ ಅವರಿಗೆ ಅತ್ಯುತ್ತಮ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಮರುವರ್ಷ, 1993ರಲ್ಲಿ, ಉದಯಶಂಕರ್ ತೀರಿಕೊಂಡರು.

ಈಗ ಅಪ್ಪಂದಿರ ಪ್ರಶ್ನೆಗೆ ಬರೋಣ. ಆ ಕಾಲದಲ್ಲಿ ಹಾಡು ಬರೆದುಕೊಟ್ಟು ಸಂಭಾವನೆ ಪಡೆದರೆ ಸಾಮಾನ್ಯವಾಗಿ ಅಲ್ಲಿಗೆ ವ್ಯವಹಾರ ಮುಗಿಯುತ್ತಿತ್ತು. ಹಾಡು ಎಷ್ಟು ವರ್ಷ ಮೊಳಗಿದರೂ ಅಷ್ಟೇ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ಚಿತ್ರಮಂದಿರದಲ್ಲಿ ಸಿನಿಮಾದ ಜತೆ ತೋರಿಸುವುದನ್ನು ಬಿಟ್ಟು ಬೇರೆಡೆ ಹಾಡು ಬಳಕೆಯಾದರೆ, ಅದರ ಗೌರವಧನದಲ್ಲಿ ಬರೆದವನಿಗೂ ಸಮಪಾಲು ಸಲ್ಲಬೇಕು. ಆ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡುವಂತೆಯೂ ಇಲ್ಲ. ಮಗನೋ ಮಗಳೋ ಹಾಡು ಬರೆದು ಕರಾರುಪತ್ರ ಹಿಡಿದು ಮನೆಗೆ ಬಂದರೆ, ಸಹಿಗೆ ಮುಂಚೆ ಈ ಅಂಶ ಅದರಲ್ಲಿ ಹೇಗಿದೆಯೆಂದು ಜತೆಯಲ್ಲಿ ಕೂತು ಓದಿ.